ನಮ್ಮ ಭಾವನ ವಾಲಿದ ಫೋಟೋಗಳು

ನಮ್ಮ ಭಾವ ನೆಟ್ಟಗೆ ನಿಂತಿದ್ದನ್ನು ಕಣ್ಣಾರೆ ಕಂಡವನು ಈ ಭೂಮಿಯ ಮೇಲೆ ನಾನೊಬ್ಬನೇ. ಅದೂ ಒಂದೇ ಒಂದು ಸಲ! ಉಳಿದವರೆಲ್ಲ ಅವರನ್ನು ನೋಡಿದ್ದು ಎಡಕ್ಕೋ ಬಲಕ್ಕೋ ವಾಲಿಕೊಂಡಿದ್ದಾಗಲೇ. ಅಯ್ಯೋ, ಕುಡಿತ ಅಂದುಕೊಂಡಿರಾ? ಬಿಡ್ತು ಅನ್ನಿ! ಭಾವ ಕುಡಿಯುವುದು ಚಹಾ ಒಂದನ್ನೇ. ಅದನ್ನೂ ಲೋಟದೊಳಗೆ ಸಮತಲವಾಗಿದೆಯೋ ಇಲ್ಲವೋ ನೋಡಿಕೊಂಡೇ ಕುಡಿಯುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ, ಇದನ್ನೆಲ್ಲ ನಾನು ಬರೆಯುತ್ತಿರುವುದು ಹೊಟ್ಟೆಕಿಚ್ಚಿನಿಂದ. ಬೇರೆಯವರು ಇಂಥ ಕಡೆ 'ಅಭಿಮಾನದಿಂದ' ಎಂದು ಬರೆಯುತ್ತಾರೆ. ನನಗೆ ಆ ನಾಟಕ ಬರುವುದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಗಂಗೊಳ್ಳಿಯವರು. ಹದಿನೈದು ವರ್ಷ ಮುಂಬೈಯಲ್ಲಿ ದೊಡ್ಡ ದೊಡ್ಡ ಶ್ರೀಮಂತರ ಹಾಯಿದೋಣಿಗಳನ್ನು ತೊಳೆಯುವುದು, ಹಾಯಿ ಕಟ್ಟುವುದು, ಆ ಶ್ರೀಮಂತರು ಸಮುದ್ರದಲ್ಲಿ ವಾಂತಿ ಮಾಡಿಕೊಂಡರೆ ಬೆನ್ನು ತಿಕ್ಕುವುದು, ಇಂಥ ಕೆಲಸ. ಅವರಲ್ಲೊಬ್ಬ ಮುದುಕ ಯಜಮಾನರು ತಮ್ಮ ಹಳೆಯ ಕ್ಯಾಮೆರಾವನ್ನು ಇವರಿಗೆ ಕೊಟ್ಟುಬಿಟ್ಟರಂತೆ. 1997ರಲ್ಲಿ ಭಾವ ಊರಿಗೆ ಬಂದಿಳಿದಾಗ ಕೊರಳಲ್ಲಿ ಆ ಕ್ಯಾಮೆರಾ, ಬಾಯಲ್ಲಿ 'ಅರೆ ಯಾರ್', ಬಗಲಲ್ಲಿ ಸುರುಳಿ ಸುತ್ತಿದ ಹಾಯಿಬಟ್ಟೆ. ಬೇರೆಯವರು ಮುಂಬೈಯಿಂದ ಟೇಪ್ ರೆಕಾರ್ಡರ್ ತಂದರು, ಮಿಕ್ಸಿ ತಂದರು. ಇವರು ಹಾಯಿ ತಂದರು!

ತೆಂಗಿನ ಮರದ ಬುಡದಲ್ಲಿ ಕವುಚಿ ಬಿದ್ದಿದ್ದ ತಮ್ಮ ಅಪ್ಪನ ಕಾಲದ ದೋಣಿಯನ್ನು ಎತ್ತಿ, ಎಣ್ಣೆ ಹಚ್ಚಿ, ನಡುವಿಗೊಂದು ಹಾಯಿಮರ ನೆಟ್ಟರು. ಆ ಹೊತ್ತಿಗೆ ಹೊಳೆಯಲ್ಲಿ ಸಣ್ಣ ಸಣ್ಣ ದೋಣಿಗೂ ಎಂಜಿನ್ ಬಂದಿತ್ತು. ಬಂದರಿನಲ್ಲಿ ನಿಂತವರು ಕೇಳಿದರು.

"ಹ್ವಾಯ್, ಎಂಜಿನ್ ಇಲ್ಯಾ?"

"ಎಂಜಿನ್ ಎಂತಕ್ಕೆ? ಗಾಳಿ ಇತ್ತಲೆ!"

"ಗಾಳಿ ನಿಂತ್ರೆ?"

"ನಿಂತ್ರೆ ನಾನೂ ನಿಂತೆ. ಪಟ ತೆಗೀತೆ."

ಹೀಗೆ ಶುರುವಾಯಿತು ಇವರ ಫೋಟೋಗ್ರಫಿ. ಹಾಯಿದೋಣಿಗೆ ಒಂದು ಗುಣವುಂಟು. ಹಾಯಿ ತುಂಬಿ ಗಾಳಿ ಹೊಡೆದರೆ ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ. ನೀವು ನಾನು ಅದರಲ್ಲಿ ಕೂತು ಫೋಟೋ ತೆಗೆದರೆ ಸಮುದ್ರವೇ ಇಳಿಜಾರಾಗಿ, ನೀರೆಲ್ಲ ಮಲ್ಪೆ ಕಡೆಗೆ ಸುರಿದು ಹೋಗುವಂತೆ ಕಾಣುತ್ತದೆ. ಭಾವ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ದೋಣಿ ಎಡಕ್ಕೆ ಎಷ್ಟು ವಾಲಿತೋ ಇವರು ಬಲಕ್ಕೆ ಅಷ್ಟೇ ವಾಲುವುದು. ಕಾಲು ದೋಣಿಯ ಮಾತು ಕೇಳಬೇಕು, ಸೊಂಟದಿಂದ ಮೇಲೆ ಸಮುದ್ರದ ಮಾತು ಕೇಳಬೇಕು. ಅವರ ಫೋಟೋದಲ್ಲಿ ನೀರಿನ ಗೆರೆ ಸ್ಕೇಲು ಇಟ್ಟು ಎಳೆದ ಹಾಗೆ ಬರುತ್ತಿತ್ತು. ನಿಜ ಹೇಳಬೇಕು, ಮೊದಲ ಸಲ ನೋಡಿದಾಗ ನನ್ನ ಹೊಟ್ಟೆಯೊಳಗೆ ಒಂದು ಕೆಂಡ ಬಿತ್ತು.

ಯಾಕೆಂದರೆ ನಾನು ಯಾರು? ಕುಂದಾಪುರದಲ್ಲಿ ಸ್ವಂತ ಸ್ಟುಡಿಯೋ ಇಟ್ಟವನು! ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ತಿದ್ದಿ ಮುಖದ ಸುಕ್ಕು ಅಳಿಸುವುದರಲ್ಲಿ, ಮೊಡವೆ ಮುಚ್ಚುವುದರಲ್ಲಿ, ಮೆಳ್ಳೆಗಣ್ಣನ್ನು ನೆಟ್ಟಗೆ ಮಾಡುವುದರಲ್ಲಿ ಶಿರೂರಿನಿಂದ ಬ್ರಹ್ಮಾವರದವರೆಗೆ ನನ್ನ ಹೆಸರು ಕೇಳಿ. ನಾನು ತಿದ್ದಿ ಕಳಿಸಿದ ಫೋಟೋ ನೋಡಿ ಗಂಡಿನ ಕಡೆಯವರು ಓಡೋಡಿ ಬರುತ್ತಿದ್ದರು. ಬಂದವರು ಹೆಣ್ಣನ್ನು ಎದುರಿಗೆ ಕೂರಿಸಿಕೊಂಡು "ಹೆಣ್ಣ್ ಎಲ್ಲಿ?" ಎಂದು ಕೇಳಿದ್ದೂ ಉಂಟು. ಅದು ನನ್ನ ತಪ್ಪೇ?

ನನ್ನ ಸ್ಟುಡಿಯೋದ ಹಿಂದಿನ ಪರದೆಯ ಮೇಲೆ ಒಂದು ನೀಲಿ ಸರೋವರ, ಎರಡು ಹಂಸ, ಒಂದು ಹಾಯಿದೋಣಿ ಬರೆಸಿದ್ದೆ. ಇಡೀ ತಾಲೂಕಿನಲ್ಲಿ ಅಂಥ ಪರದೆ ಇರಲಿಲ್ಲ. ಭಾವ ಮೊದಲ ಸಲ ಬಂದವರು ಅದರ ಎದುರು ಕೈಕಟ್ಟಿ ನಿಂತು, ತಲೆ ವಾಲಿಸಿ, ಐದು ನಿಮಿಷ ನೋಡಿದರು. ಹೊಗಳುತ್ತಾರೆ ಅಂತ ನಾನು ಕಾದೆ. ನಮ್ಮ ಕಡೆ ಹೆಂಡತಿಯ ತಮ್ಮನೂ ಭಾವನೇ, ಹಾಗಾಗಿ ಅವರಿಗೆ ನಾನೂ ಭಾವ.

"ಹ್ವಾಯ್ ಭಾವ, ಹಾಯಿ ಬಲಕ್ಕೆ ಉಬ್ಬಿತ್ತ್. ಬಾವುಟ ಎಡಕ್ಕೆ ಹಾರತ್ತ್. ನಿಮ್ಮ ಸ್ಟುಡಿಯೋದಗೆ ಗಾಳಿ ಎರಡ್ ಬದಿಯಿಂದ ಬೀಸತ್ತಾ?"

ಐದು ವರ್ಷದಿಂದ ಸಾವಿರ ಜನ ಆ ಪರದೆಯ ಎದುರು ನಿಂತಿದ್ದರು. ಒಬ್ಬನೇ ಒಬ್ಬ ಅದನ್ನು ಕಂಡಿರಲಿಲ್ಲ. ಆ ಮೇಲೆ ನನಗೆ ಆ ಬಾವುಟವಲ್ಲದೆ ಬೇರೆ ಏನೂ ಕಾಣದಾಯಿತು.

ಹಾಳಾಗಿ ಹೋಗಲಿ ಎಂದರೆ ಗಿರಾಕಿಗಳೂ ಅತ್ತ ಹೊರಟರು! ಕೊಕ್ಕರ್ಣೆಯಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ನನ್ನ ಸ್ಟುಡಿಯೋಕ್ಕೆ ಬಂದಿತ್ತು. ಕೆನ್ನೆಗೆ ಕೆನ್ನೆ ತಾಗಿಸಿ, ಹಂಸಗಳ ಎದುರು ನಿಲ್ಲಿಸಿ ಚಂದದ ಫೋಟೋ ತೆಗೆದೆ. ಸಂಜೆ ಸುಮ್ಮನೆ ಗಾಳಿಗೆಂದು ಹೊಳೆಯ ಬದಿಗೆ ಹೋದವರನ್ನು ಭಾವ ದೋಣಿಗೆ ಹತ್ತಿಸಿಕೊಂಡರು. ಪಡುಗಾಳಿ ಜೋರಿತ್ತು. ಹುಡುಗ ಹೆಂಡತಿಯ ಪಕ್ಕ ಕೂರಲು ಹೋದ.

"ಏಯ್ ಏಯ್, ಒಟ್ಟಿಗ್ ಕೂಕಣುಕಾಗ! ದೋಣಿ ಮಗುಚ್ತ್! ನೀವ್ ಈ ತುದಿ, ಅವ್ರ್ ಆ ತುದಿ!"

ಪಾಪ, ಮದುವೆಯಾಗಿ ನಾಲ್ಕೇ ದಿನ. ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ಅವಳು, ನಡುವೆ ಹಾಯಿ. ಹಾಯಿಯ ಅಡಿಯಿಂದ ಇಬ್ಬರೂ ಬಗ್ಗಿ ಬಗ್ಗಿ ಒಬ್ಬರನ್ನೊಬ್ಬರು ನೋಡುತ್ತಾ ನಗುತ್ತಿದ್ದಾರೆ. ಭಾವ ಅದನ್ನೇ ಹಿಡಿದರು. ಆ ಫೋಟೋ ಕೊಕ್ಕರ್ಣೆ ತುಂಬ ಮನೆಮನೆ ತಿರುಗಿತು. ಆಮೇಲೆ ಬಂದ ಜೋಡಿಗಳಿಗೆಲ್ಲ "ದೂರ ಕೂಕಂಡ ಪಟ"ವೇ ಬೇಕು! ನನ್ನ ಕೆನ್ನೆಗೆ ಕೆನ್ನೆಯ ಫೋಟೋ ಏನಾಯಿತು ಅಂದಿರಾ? ಅದನ್ನು ಕೊಂಡು ಹೋಗಲೂ ಅವರು ಬರಲಿಲ್ಲ.

ಇದನ್ನು ಸಹಿಸುವುದು ಹೇಗೆ? ನಾನೂ ದೋಣಿ ಹತ್ತಿಯೇ ಇವರಿಗೆ ಬುದ್ಧಿ ಕಲಿಸಬೇಕು ಎಂದು ತೀರ್ಮಾನಿಸಿದೆ. ಹೊಸ ಕ್ಯಾಮೆರಾ, ಹೊಸ ಟ್ರೈಪಾಡ್ ಹೊತ್ತುಕೊಂಡು ಹೋದೆ. ಹೌದು, ಟ್ರೈಪಾಡ್! ನಗಬೇಡಿ. ಮೂರು ಕಾಲಿನ ವಸ್ತು ಎರಡು ಕಾಲಿನ ಭಾವನಿಗಿಂತ ಭದ್ರ ಎಂಬುದು ನನ್ನ ಲೆಕ್ಕ.

"ಅದ್ ಎಂತಕ್ಕೆ ತಂದ್ರಿ?" ಭಾವ ಕೇಳಿದರು.

"ಫೋಟೋ ಅಲುಗಬಾರದು ಅಂತ."

"ಅದ್ ಅಲುಗೂದಿಲ್ಲ ಸರಿ. ದೋಣಿಗೆ ಹೇಳಿದ್ರಿಯಾ?"

ಹೊಳೆ ಸಮುದ್ರ ಸೇರುವ ಕೋಡಿಯ ಹತ್ತಿರ ಹೋಗುತ್ತಿದ್ದಂತೆ ಟ್ರೈಪಾಡ್ ಬಿಚ್ಚಿ, ಕ್ಯಾಮೆರಾವನ್ನು ಅದಕ್ಕೆ ಸಿಕ್ಕಿಸುವ ಮೊದಲು ಎದ್ದು ನಿಂತು ಒಂದು ಕಣ್ಣು ಮುಚ್ಚಿ ನೋಟ ಅಳೆಯುತ್ತಿದ್ದೆ. ಭಾವ ಹಿಂದಿನಿಂದ "ತಲೆ ಬಗ್ಸಿ!" ಎಂದು ಕೂಗಿದರು. ಇವರು ಹೇಳಿದ್ದಕ್ಕೆಲ್ಲ ತಲೆ ಬಗ್ಗಿಸಲು ನಾನೇನು ಅಕ್ಕನೇ? ಬಗ್ಗಿಸಲಿಲ್ಲ. ಹಾಯಿಯ ಬುಡದ ಅಡ್ಡಮರ ಸುಯ್ಯನೆ ತಿರುಗಿ ಬಂದು ನನ್ನ ಕಿವಿಯ ಮೇಲೆ ಬಾರಿಸಿತು. ಟ್ರೈಪಾಡ್ ಹೊಳೆಗೆ. ಅದರ ಹಿಂದೆಯೇ ನಾನು ಹೊಳೆಗೆ. ನನ್ನನ್ನು ಎತ್ತಲು ಕೈ ಚಾಚುವ ಮೊದಲು ಭಾವ ಮಾಡಿದ ಕೆಲಸ ಏನು ಗೊತ್ತೇ? ಕ್ಲಿಕ್!

ಎರಡೂ ಕಾಲು ಆಕಾಶಕ್ಕೆ ಮಾಡಿ, ಬಾಯಿ ತೆರೆದು ಬೀಳುತ್ತಿರುವ ನಾನು. ಹಿಂದೆ ಸ್ಕೇಲು ಇಟ್ಟು ಎಳೆದಂಥ ನೀರಿನ ಗೆರೆ. ಅದು ಇವತ್ತಿಗೂ ಅಕ್ಕನ ಮನೆಯ ಜಗಲಿಯಲ್ಲಿ ದೇವರ ಪಟಗಳ ಪಕ್ಕದಲ್ಲಿದೆ. ಬಂದ ನೆಂಟರಿಗೆಲ್ಲ ಅಕ್ಕ ತೋರಿಸುತ್ತಾಳೆ, "ಇದ್ ನನ್ನ ತಮ್ಮ, ಕುಂದಾಪ್ರದಗೆ ದೊಡ್ಡ ಫೋಟೋಗ್ರಾಫರ್."

ಇಷ್ಟೆಲ್ಲ ಅವಮಾನದ ನಡುವೆ ನನಗಿದ್ದ ಒಂದೇ ಸಮಾಧಾನವೆಂದರೆ ಭಾವ ನೆಲದ ಮೇಲೆ ದಂಡ ಎಂಬುದು. ವರ್ಷಗಟ್ಟಲೆ ದೋಣಿಯ ಮೇಲೆ ವಾಲಿ ವಾಲಿ, ಅವರ ಮೈ ಗಟ್ಟಿ ನೆಲವನ್ನೂ ನಂಬುತ್ತಿರಲಿಲ್ಲ. ಕ್ಯಾಮೆರಾ ಕಣ್ಣಿಗೆ ಹಿಡಿದರೆ ಸಾಕು, ಸೊಂಟ ತಾನಾಗಿ ಓರೆಯಾಗುತ್ತಿತ್ತು. ನೆಲ ವಾಲುವುದಿಲ್ಲವಲ್ಲ! ಹಾಗಾಗಿ ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲ ಫೋಟೋಗಳೂ ಸೊಟ್ಟ. ಉಪ್ಪುಂದದ ಒಂದು ಗೃಹಪ್ರವೇಶದ ಫೋಟೋ ನೋಡಿ ಮನೆಯ ಯಜಮಾನರು ಹೆದರಿ ಮೇಸ್ತ್ರಿಯನ್ನು ಕರೆಸಿ ಗೋಡೆಗೆ ತೂಗುಗುಂಡು ಹಿಡಿಸಿದ್ದರು. ಕೇಳಿದರೆ ಭಾವ ಏನೆನ್ನಬೇಕು? "ನೆಲವೇ ಸಮ ಇಲ್ಲೆ ಮಾರಾಯ್ರೆ." ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಅದೂ ಅಲ್ಲದೆ ಅವರಿಗೆ ಇನ್ನೊಂದು ರೋಗ. ಮೂವತ್ತಾರು ಫೋಟೋದ ರೀಲಿನಲ್ಲಿ ಮೂವತ್ತೈದು ತೆಗೆದು, ಕಡೆಯದೊಂದನ್ನು ಕೂಡಿಡುವುದು. "ಒಳ್ಳೆದ್ ಏನಾರೂ ಎದ್ರಿಗ್ ಬಂದ್ರೆ ಬೇಕಲೆ?" ಆ ಒಳ್ಳೆಯದು ಬರುವವರೆಗೆ ರೀಲು ತೊಳೆಯಲು ಕೊಡುವಂತಿಲ್ಲ. ಶಿರೂರಿನ ಒಬ್ಬರ ಮಗುವಿನ ತೊಟ್ಟಿಲ ಶಾಸ್ತ್ರದ ಫೋಟೋ ಕೈಗೆ ಬರುವಾಗ ಆ ಮಗುವೇ ನಡೆದು ಬಂದು ಅದನ್ನು ತೆಗೆದುಕೊಂಡಿತು.

ಇಂಥವರನ್ನು ಜನ ಬಿಟ್ಟು ಬಿಡಬೇಕಿತ್ತು. ಬಿಟ್ಟರೇ? ಸೊಟ್ಟ ಫೋಟೋವನ್ನು ನನ್ನ ಹತ್ತಿರ ತಂದು, "ಹ್ವಾಯ್, ನಿಮ್ಮ ಭಾವ ತೆಗ್ದದ್, ಒಂಚೂರ್ ಸಮ ಮಾಡಿ ಕೊಡಿ" ಎನ್ನುತ್ತಿದ್ದರು. ನಾನು ತಿರುಗಿಸಿ, ಓರೆಯಾದ ಅಂಚುಗಳನ್ನು ನಾಲ್ಕೂ ಕಡೆ ಕತ್ತರಿಸಿ, ನೆಟ್ಟಗೆ ಮಾಡಿ ಕೊಡುವುದು. ಫೋಟೋ ಅವರದು, ಹೆಸರು ಅವರದು, ಕತ್ತರಿ ಮಾತ್ರ ನನ್ನದು. ಇದು ಯಾವ ನ್ಯಾಯ?

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಇದೆಲ್ಲವನ್ನೂ ನಾನು ನುಂಗಿಕೊಂಡೇನು. ನುಂಗಲಾಗದ್ದು ಒಂದೇ ಇತ್ತು. ಅದು ನನ್ನ ಅಮ್ಮ.

ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ಗಂಗೊಳ್ಳಿ ಬಂದರಿನಲ್ಲಿ ಬೆಳಿಗ್ಗೆ ಮೀನು ಕೊಂಡು, ಹೊಳೆ ದಾಟಿ, ಕುಂದಾಪುರದ ಮನೆಮನೆಗೆ ಬುಟ್ಟಿ ಹೊತ್ತು ಮಾರಿ ಅಮ್ಮ ನಮ್ಮಿಬ್ಬರನ್ನು ಬೆಳೆಸಿದಳು. ನನ್ನ ಸ್ಟುಡಿಯೋ ಎದ್ದದ್ದೇ ಆ ಬುಟ್ಟಿಯ ಮೇಲೆ. ಅಂಥ ಅಮ್ಮನ ಒಂದು ಫೋಟೋ ನನ್ನ ಕೈಯಿಂದ ತೆಗೆಯಬೇಕು, ಸ್ಟುಡಿಯೋದ ಗಾಜಿನ ಹಿಂದೆ ಹಾಕಬೇಕು ಎನ್ನುವುದು ನನ್ನ ಆಸೆ. ಬೇರೆ ದೊಡ್ಡ ಆಸೆಗಳೇನೂ ನನಗಿಲ್ಲ. ಕೇಳಿದಾಗಲೆಲ್ಲ ಅಮ್ಮ ಹೇಳುತ್ತಿದ್ದಳು.

"ನಿನ್ ಮದಿ ಆಯ್ಲಿ ಮಗಾ. ನೀನ್, ನಿನ್ ಹೆಂಡ್ತಿ, ನಾನ್, ಮೂರ್ ಜನವೂ ಕೂಕಂಬ."

ಸರಿ, ಕಾದೆ. ಭಾವ ಊರಿಗೆ ಬಂದ ಆರನೇ ವರ್ಷ ಬ್ರಹ್ಮಾವರದ ಹೆಣ್ಣಿನೊಂದಿಗೆ ನನ್ನ ಮದುವೆ ನಿಶ್ಚಯವಾಯಿತು. ಆಗ ಎದುರಾಯಿತು ನೋಡಿ ಧರ್ಮಸಂಕಟ. ಊರಿನ ಮದುವೆಗಳಿಗೆಲ್ಲ ಫೋಟೋ ತೆಗೆಯುವವನು ನಾನು. ನನ್ನ ಮದುವೆಗೆ ತೆಗೆಯುವವರು ಯಾರು? ತಾಳಿ ಕಟ್ಟುವ ಕೈಯಲ್ಲಿ ಕ್ಯಾಮೆರಾ ಹಿಡಿಯಲಾಗುತ್ತದೆಯೇ? ಬೇರೆ ಸ್ಟುಡಿಯೋದವರನ್ನು ಕರೆಯೋಣವೆಂದರೆ ಮಾನ ಹೋಗುತ್ತದೆ. ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು, "ಮನಿಯಗೆ ಫೋಟೋ ತೆಗುವರ್ ಇಪ್ಪತಿಗೆ ಹೊರ್ಗಿನವ್ರ್ ಎಂತಕ್ಕೆ?"

ಭಾವನೇ ತೆಗೆದರು. ನಾನು ಹಸೆಮಣೆಯ ಮೇಲೆ ನಿಂತು, ತಲೆಯ ಮೇಲೆ ಪೇಟ, ಕೊರಳಲ್ಲಿ ಹಾರ, ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ: ದೇವರೇ, ಇವರನ್ನು ನೆಟ್ಟಗೆ ನಿಲ್ಲಿಸು. ನಿಲ್ಲಿಸಲಿಲ್ಲ. ಅವತ್ತು ಭಾವ ಎಂದಿಗಿಂತ ಹೆಚ್ಚು ವಾಲಿದ್ದರು. ಇನ್ನೂ ಒಂದು ಬೆರಳು ವಾಲಿದರೆ ವಾಲಗದವರ ಮೇಲೆ ಬೀಳುತ್ತಿದ್ದರು. ಪುರೋಹಿತರು ಮಂತ್ರ ನಿಲ್ಲಿಸಿ "ಅವ್ರನ್ನ್ ಯಾರಾರೂ ಹಿಡ್ಕಣಿ ಮಾರಾಯ್ರೆ" ಎಂದರು.

ರೀಲು ತೊಳೆದು ನೆಗೆಟಿವ್ ಬಂತು. ಧಾರೆಯ ಫೋಟೋಗಳಷ್ಟೂ ವಾಲಿದ್ದವು. ನಾನು, ನನ್ನ ಹೆಂಡತಿ, ಧಾರೆ ಎರೆಯುವ ಮಾವ, ಅಪ್ಪನ ಜಾಗದಲ್ಲಿ ಕೂತ ಚಿಕ್ಕಪ್ಪ, ಚಿಕ್ಕಮ್ಮ, ಎಲ್ಲರೂ ಸಾಮೂಹಿಕವಾಗಿ ಎಡಕ್ಕೆ ಜಾರುತ್ತಿದ್ದೆವು. ಆದರೆ ನಾನು ಸೋಲುವ ಆಸಾಮಿಯೇ? ಆ ಹೊತ್ತಿಗೆ ಕಂಪ್ಯೂಟರ್ ಕೊಂಡಿದ್ದೆ. ಮೊದಲನೆಯ ನೆಗೆಟಿವನ್ನು ಬೆಳಕಿಗೆ ಹಿಡಿದು ಸ್ಕೇಲಿನಿಂದ ಅಳೆದೆ. ಎರಡನೆಯದನ್ನೂ ಅಳೆದೆ. ಎಲ್ಲ ಒಂದೇ ಓರೆ! ನೆಗೆಟಿವ್‌ಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಇಷ್ಟು ತಿರುಗಿಸು, ಅಂಚನ್ನು ಇಷ್ಟು ಕತ್ತರಿಸು ಎಂದು ಅದಕ್ಕೆ ಒಂದೇ ಸಲ ಹೇಳಿ, ಚಹಾ ಕುಡಿಯಲು ಹೋದೆ. ಬರುವಷ್ಟರಲ್ಲಿ ಇಡೀ ಮದುವೆ ನೆಟ್ಟಗೆ ನಿಂತಿತ್ತು. ಮಂಟಪದ ಕಂಬಗಳು ಗರಡಿಯ ಪೈಲ್ವಾನರಂತೆ ನೇರ! ಆಹಾ, ಆ ಆಲ್ಬಮ್ ಹಿಡಿದು ಭಾವನ ಎದುರು ಹೋಗಿ, ಒಂದೊಂದೇ ಹಾಳೆ ತಿರುಗಿಸಿ ತೋರಿಸಿದ ಆ ಸುಖ! ಭಾವ ಏನೋ ಹೇಳಲು ಬಾಯಿ ತೆರೆದರು. ಪಕ್ಕದಲ್ಲಿ ಕೂತು ಅಮ್ಮನೂ ನೋಡಿದಳು. "ಸಮ ಮಾಡಿದ್ಯಲ ಮಗಾ, ಲಾಯ್ಕ್ ಇತ್ತ್" ಎಂದು ಎದ್ದು ಒಳಗೆ ಹೋದಳು.

ಅದಾದ ಮೇಲೆ ಸ್ಟುಡಿಯೋಕ್ಕೆ ಕರೆದೆ. ಮಾತು ಕೊಟ್ಟಿದ್ದಳಲ್ಲ?

"ಈಗ್ ಬ್ಯಾಡ ಮಗಾ."

ದೀಪಾವಳಿಗೆ ಕರೆದೆ. ನನ್ನ ಮಗಳು ಹುಟ್ಟಿದಾಗ ಕರೆದೆ. ಅಜ್ಜಿಯ ತೊಡೆಯ ಮೇಲೆ ಮೊಮ್ಮಗಳು, ಯಾರಿಗೆ ಬೇಡ? ಅಮ್ಮನಿಗೆ ಬೇಡ. "ನಂಗೆಂತಕ್ಕೆ ಪಟ? ನೀವ್ ನೀವ್ ತೆಕ್ಕಣಿ." ಹೀಗೆ ಎಂಟು ವರ್ಷ. ಇಡೀ ಕುಂದಾಪುರ ನನ್ನ ಕುರ್ಚಿಯಲ್ಲಿ ಕೂತು ಎದ್ದು ಹೋಯಿತು. ಅಮ್ಮ ಬುಟ್ಟಿ ಹೊತ್ತು ಸ್ಟುಡಿಯೋದ ಎದುರಿನಿಂದಲೇ ಹೋಗುತ್ತಾಳೆ, ಒಳಗೆ ಕಾಲಿಡುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋದೆ. ಆ ಹೊತ್ತಿಗೆ ಭಾವನ ಕೈಗೆ ಡಿಜಿಟಲ್ ಕ್ಯಾಮೆರಾ ಬಂದು, ಅದರ ಬೆನ್ನಿಗೆ ಕ್ಯಾಮೆರಾ ಇರುವ ಮೊಬೈಲೂ ಬಂದಿತ್ತು. ಇವರು ಹಿಡಿಯುವ ಓರೆ ನೋಡಿ ಆ ಮೊಬೈಲ್ ಪಾಪ, ಇದು ಅಡ್ಡವೋ ಉದ್ದವೋ ತಿಳಿಯದೆ ಚಿತ್ರವನ್ನು ತಿರುಗಿಸಿ ತಿರುಗಿಸಿ ಸೋಲುತ್ತಿತ್ತು. ನಗುತ್ತಾ ಜಗಲಿ ಹತ್ತಿದೆ. ನಾನು ಹೊಳೆಗೆ ಬೀಳುವ ಫೋಟೋದ ಪಕ್ಕದಲ್ಲಿ ಹೊಸದೊಂದು ಫೋಟೋ.

ಹಾಯಿದೋಣಿಯಲ್ಲಿ ಅಮ್ಮ! ಕಾಲ ಬುಡದಲ್ಲಿ ಮೀನಿನ ಬುಟ್ಟಿ. ಒಂದು ಕೈಯಲ್ಲಿ ಹಾಯಿಯ ಹಗ್ಗ ಹಿಡಿದಿದ್ದಾಳೆ. ಸೆರಗು ಗಾಳಿಗೆ ಹಾರಿದೆ. ಬಾಯ್ತುಂಬ, ಇಲ್ಲದ ಎರಡು ಹಲ್ಲಿನ ಕಂಡಿಯೂ ಕಾಣುವಂತೆ ನಗುತ್ತಿದ್ದಾಳೆ. ಹಿಂದೆ ನೀರಿನ ಗೆರೆ, ಗೊತ್ತಲ್ಲ, ಸ್ಕೇಲು ಇಟ್ಟು ಎಳೆದಂತೆ.

ನನ್ನ ಮೈಯೆಲ್ಲ ಉರಿದು ಹೋಯಿತು. ಹೆತ್ತ ಮಗನ ಕ್ಯಾಮೆರಾದ ಎದುರು ಎಂಟು ವರ್ಷದಿಂದ ಕೂರದವಳು ಅಳಿಯನ ದೋಣಿಯಲ್ಲಿ ಹೀಗೆ ನಗುವುದೇ? ಅಕ್ಕ ಬಡಿಸಿದ ಎಲೆಯ ಕಡೆ ತಿರುಗಿಯೂ ನೋಡಲಿಲ್ಲ. ಹಿತ್ತಲಲ್ಲಿ ಹಾಯಿಗೆ ತೇಪೆ ಹಾಕುತ್ತಿದ್ದ ಭಾವನ ಎದುರು ನಿಂತು ಬಾಯಿಗೆ ಬಂದಂತೆ ಅಂದೆ. "ನನ್ನ ಗಿರಾಕಿಗಳನ್ನು ತಕೊಂಡ್ರಿ, ಹೆಸರು ತಕೊಂಡ್ರಿ, ಈಗ ಅಮ್ಮನನ್ನೂ ತಕೊಂಡ್ರಿ. ಏನು ಹೇಳಿ ಅವಳ ತಲೆ ಕೆಡಿಸಿದ್ರಿ? ನನ್ನ ಹತ್ತಿರ ಯಾಕೆ ಅವಳು ಕೂರೂದಿಲ್ಲ?"

ಭಾವ ಸೂಜಿಯನ್ನು ಹಾಯಿಗೆ ಚುಚ್ಚಿಟ್ಟು ಎದ್ದರು. ನನ್ನ ಎದುರು ಬಂದು ನಿಂತರು. ನೆಟ್ಟಗೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಆಗಲೇ ನನಗೆ ಭಯವಾದದ್ದು.

"ಭಾವ, ನಿಮ್ಮ ಮದಿ ನೆಗೆಟಿವ್ ಎಲ್ಲಿತ್ತ್?"

"ನನ್ನ ಕಪಾಟಿನಲ್ಲೇ ಇದೆ. ಅದಕ್ಕೂ ಇದಕ್ಕೂ ಏನು?"

"ಹೋಯ್ ಕಾಣಿ. ಎಡದ್ ಬದಿ, ಕೆಳಗಿನ್ ಮೂಲಿ."

"ಅಲ್ಲಿ ಏನಿದೆ?"

"ಅತ್ತೆ ಇದ್ರ್."

ನನಗೆ ಅರ್ಥವಾಗಲಿಲ್ಲ. ಭಾವ ನಿಧಾನವಾಗಿ ಹೇಳಿದರು. ಧಾರೆಯ ಹೊತ್ತಿಗೆ, ನಾನು ಅಂದುಕೊಂಡಿದ್ದ ಹಾಗೆ, ಅಮ್ಮ ಅಡುಗೆಮನೆಯಲ್ಲಿರಲಿಲ್ಲ. ಗಂಡನಿಲ್ಲದವಳು ಶುಭದ ಎದುರಿಗೆ ನಿಲ್ಲಬಾರದೆಂದು ತಾನೇ ಸರಿದು, ಮಂಟಪದ ಕೆಳಗೆ, ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಮಗನ ಧಾರೆ ನೋಡದೆ ಇರಲು ಅವಳಿಂದ ಆಗಲಿಲ್ಲ.

"ಕ್ಯಾಮೆರಾ ಸಮ ಹಿಡ್ದ್ರೆ ಅವ್ರ್ ಸಿಕ್ತಿರ್ಲಿಲ್ಲೆ. ಹಾಂಗಾಯಿ ವಾಲ್ಸಿದೆ. ಬೇರೆ ಮದಿಯಗೆ ಸೊಟ್ಟ ಬಂದದ್ದ್ ನನ್ ತಪ್ಪ್, ಒಪ್ಕಂತೆ. ನಿಮ್ಮದ್ದ್ ಮಾತ್ರ ಬೇಕಂತ್ಲೇ ಮಾಡದ್ದ್. ಒಂದೊಂದ್ ಪಟದಗೂ ಅತ್ತೆ ಇದ್ರ್ ಭಾವ. ನೀವ್ ಎಲ್ಲದ್ರಗೂ ಕತ್ರಿ ಹಾಕಿದ್ರಿ."

"ನೀವು ಆವತ್ತೇ ಯಾಕೆ ಹೇಳಲಿಲ್ಲ?"

"ಪಟದಗೆ ನೀವೂ ಇದ್ರಿ ಅಂತ ಅತ್ತೆಗೆ ಮದಿ ದಿನವೇ ಹೇಳಿದ್ದೆ. ಆಲ್ಬಮ್ ಕಂಡ್ ನಿಮ್ಗೂ ಹೇಳುಕ್ ಹೊರಟೆ. ಅತ್ತೆ ಒಳ್ಗೆ ಕರ್ದ್ ಆಣೆ ಹಾಕ್ಸ್ಕಂಡ್ರ್. 'ಮಗ ಸಮ ಮಾಡ್ದ. ಶುಭದ್ ಪಟದಗೆ ನಾನ್ ಇಪ್ಪುಕಾಗ, ಅವಂಗೆ ಗೊತ್ತಿತ್ತ್. ನೀವ್ ಎಂತದೂ ಹೇಳ್ಬೇಡಿ, ಅವ್ನ್ ಬೇಜಾರ್ ಮಾಡ್ಕಂತ' ಅಂದ್ರ್. ಇವತ್ತ್ ಆಣೆ ಮುರ್ದೆ."

ಊಟ ಮಾಡದೆ ಹೊಳೆ ದಾಟಿದೆ. ಸ್ಟುಡಿಯೋದ ಬಾಗಿಲು ತೆಗೆದು ನೆಗೆಟಿವ್ ಹೊರಗೆಳೆದು ಬೆಳಕಿನ ಮೇಲಿಟ್ಟೆ. ಎಡಬದಿ, ಕೆಳಗಿನ ಮೂಲೆ. ನೆಗೆಟಿವಿನಲ್ಲಿ ಬಿಳಿ ಕಪ್ಪಾಗುತ್ತದೆ. ಅಮ್ಮನ ಬಿಳಿ ಸೀರೆ ಅಲ್ಲಿ ಕಪ್ಪು ಕಲೆಯಾಗಿ ನಿಂತಿತ್ತು. ಅವತ್ತು ಸ್ಕೇಲು ಹಿಡಿದಾಗ ಅದನ್ನು ಕಂಬದ ನೆರಳು ಅಂದುಕೊಂಡಿದ್ದೆ. ಮದುವೆ ಹೆಣ್ಣುಗಳ ಮೂಗಿನ ಮೇಲಿನ ಸಾಸಿವೆಯಷ್ಟು ಮಚ್ಚೆ ಕಂಡುಹಿಡಿಯುವ ಕಣ್ಣು ನನ್ನದು! ಹೆತ್ತವಳನ್ನು ಕಾಣಲಿಲ್ಲ. ಒಂದೊಂದೇ ನೆಗೆಟಿವ್ ಸರಿಸಿದೆ. ತಾಳಿ ಕಟ್ಟುವಾಗ ಕೈ ಮುಗಿದಿದ್ದಾಳೆ. ಅಕ್ಕಿಕಾಳು ಹಾಕುವಾಗ ಅಲ್ಲಿಂದಲೇ ಎಸೆದಿದ್ದಾಳೆ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಾಳೆ. ಎಂಟು ವರ್ಷ ಅಮ್ಮ ನನ್ನ ಕಪಾಟಿನೊಳಗೇ ನಿಂತಿದ್ದಳು, ನಾನು ಭಾವನ ಮೇಲೆ ಹಲ್ಲು ಮಸೆಯುತ್ತಿದ್ದೆ.

ಅವತ್ತೇ ಒಂದು ಪ್ರಿಂಟ್ ಹಾಕಿದೆ. ತಿರುಗಿಸಲಿಲ್ಲ, ಕತ್ತರಿಸಲಿಲ್ಲ. ಮನೆಗೆ ಹೋದಾಗ ಅಮ್ಮ ಹಿತ್ತಲಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ಕೈಗೆ ಕೊಟ್ಟೆ. ಸೀರೆಗೆ ಕೈ ಒರೆಸಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಇದ್ ಎಲ್ಲಿತ್ತ್?"

"ನನ್ ಹತ್ರವೇ ಇತ್ತ್ ಅಮ್ಮ. ನಾನ್ ಕಾಣ್ಲಿಲ್ಲೆ. ದೇವರಾಣೆ ಕಾಣ್ಲಿಲ್ಲೆ. ಬೇಕಂತ ತೆಗ್ದದ್ದಲ್ಲ."

ಅಮ್ಮ ಫೋಟೋದ ಎಡ ಮೂಲೆಯನ್ನು ಬೆರಳಿನಿಂದ ಸವರಿದಳು. ನನಗೆ ಅಳು ಬಂತು. ನಲವತ್ತರ ಹತ್ತಿರದ ಗಂಡಸು ಹಿತ್ತಲಲ್ಲಿ ನಿಂತು ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

"ಸಣ್ಣೋನ್ ಇಪ್ಪತಿಗೂ ನೀನ್ ಹಾಂಗೇ," ಅಂದಳು ಅಮ್ಮ. "ಎದ್ರಿಗಿದ್ದದ್ದ್ ನಿಂಗ್ ಕಾಂತಿರ್ಲಿಲ್ಲೆ. ತಲಿ ಮೇಲ್ ಟೊಪ್ಪಿ ಇಟ್ಕಂಡ್ ಟೊಪ್ಪಿ ಹುಡ್ಕ್ತಿದ್ದೆ." ಮತ್ತೆ ಬುಟ್ಟಿಗೆ ನೀರು ಹೊಯ್ದು, ತಲೆ ಎತ್ತದೆ ಕೇಳಿದಳು. "ನಾಳೆ ಎಷ್ಟೊತ್ತಿಗ್ ಬರ್ಕ್ ನಿನ್ ಅಂಗ್ಡಿಗೆ?"

ಬಂದಳು. ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿಯ ಸಮೇತ ಬಂದಳು. ಹಿಂದೆ ಭಾವ, ಅಕ್ಕ, ನನ್ನ ಹೆಂಡತಿ, ಮಗಳು. ಕುರ್ಚಿಯಲ್ಲಿ ಕೂರಿಸಿದೆ. ಅಮ್ಮ ಹಿಂದೆ ತಿರುಗಿ ನನ್ನ ಪರದೆಯನ್ನು ನೋಡಿ ಎದ್ದು ನಿಂತಳು.

"ಈ ದೋಣಿ ಎದ್ರಿಗೆ ನಾನ್ ಕೂಕಂತಿಲ್ಲೆ. ಇದ್ರಗೆ ಗಾಳಿ ಎರಡ್ ಬದಿಯಿಂದ ಬೀಸತ್ತಂಬ್ರ್."

ಭಾವ ಗೋಡೆಯ ಕಡೆ ಮುಖ ಮಾಡಿ ನಿಂತು ನಕ್ಕರು. ಪರದೆ ಸುತ್ತಿಟ್ಟೆ. ಬರೀ ಗೋಡೆಯ ಎದುರು ಅಮ್ಮ ಕೂತಳು, ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡಳು. ಅದನ್ನು ತೆಗೆಯಲು ಹೋದ ಅಕ್ಕನ ಕೈಗೆ ಮೆಲ್ಲಗೆ ಹೊಡೆದಳು. ಅವತ್ತು ಅದೇಕೋ ಟ್ರೈಪಾಡ್ ಬೇಡವೆನಿಸಿತು. ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ಕಣ್ಣಿಗಿಟ್ಟೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಕಣ್ಣು ಮಂಜಾಯಿತು.

"ಹ್ವಾಯ್ ಭಾವ," ಹಿಂದಿನಿಂದ ಭಾವನ ದನಿ, "ಕ್ಯಾಮೆರಾ ವಾಲ್ತಾ ಇತ್ತ್ ಕಾಣಿ."

ಅದು ಕೇಳಿ ಅಮ್ಮ ನಕ್ಕಳು, ಇಲ್ಲದ ಎರಡು ಹಲ್ಲಿನ ಸಮೇತ. ನಾನು ಒತ್ತಿದೆ.

ಆ ಫೋಟೋ ಈಗ ಸ್ಟುಡಿಯೋದ ಗಾಜಿನ ಹಿಂದೆ ಇದೆ. ಬಂದ ಗಿರಾಕಿಗಳು ತಲೆ ವಾಲಿಸಿ ನೋಡಿ, "ಹ್ವಾಯ್, ಇದ್ ಸೊಟ್ಟ ಇತ್ತಲೆ, ನಿಮ್ಮ ಕಂಪ್ಯೂಟರಗೆ ಸಮ ಮಾಡುಕಾತಿಲ್ಯಾ?" ಎಂದು ಕೇಳುತ್ತಾರೆ. ಆಗುತ್ತದೆ ಮಾರಾಯರೆ, ಎರಡೇ ನಿಮಿಷದ ಕೆಲಸ. ಆದರೆ ಸಮ ಮಾಡಿದರೆ ಅಮ್ಮನ ಬುಟ್ಟಿಯ ಅಂಚು ಹೋಗುತ್ತದೆ.